ಬಿಗಿಯದ ನಟ್ಟು

ನಿದಾಲ್ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದಳು. ಪಿಕಪ್ಪು ಬಲಕ್ಕೆ ಹೋಯಿತು.

ಬಲಕ್ಕೆ ಖಲಫನ ಗ್ಯಾರೇಜಿತ್ತು. ಗ್ಯಾರೇಜಿನ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಆಗಷ್ಟೇ ಸಕ್ಕರೆ ಕಲಕಿಟ್ಟ ಕಪ್ಪು ಚಹಾ, ಪಕ್ಕದಲ್ಲಿ ಖಲಫ್. ಸ್ಟೂಲು ಪುಡಿಯಾಯಿತು, ಗ್ಲಾಸು ಹಾರಿತು, ಹಿಂದೆ ತುಂಬಿದ್ದ ಎಮ್ಮೆ ಹಾಲಿನ ಕ್ಯಾನುಗಳಲ್ಲಿ ಎರಡು ಉರುಳಿ ಓಣಿಯ ತುಂಬ ಹಾಲು ಹರಿಯಿತು. ಖಲಫ್ ಮಾತ್ರ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ಬದುಕಿದ.

"ಯಾವನೋ ಅವ್ನು ಕತ್ತೆ ನನ್ಮಗ! ಕಣ್ಣು ಎಲ್ಲಿಟ್ಕೊಂಡು ಓಡಿಸ್ತೀಯೋ? ಇಳಿಯೋ ಕೆಳಗೆ! ಹಲ್ಲು ಉದುರಿಸ್ತೀನಿ!"

ಬಾಗಿಲು ಎಳೆದು ಕೈ ಎತ್ತಿದವನಿಗೆ ಕಂಡದ್ದು ಕಪ್ಪು ಅಬಾಯಾ ಹೊದ್ದ ಹೆಂಗಸು. ಅವಳ ಕೈಯಲ್ಲಿ ಚಕ್ರ ಬಿಚ್ಚುವ ದೊಡ್ಡ ಪಾನಾ.

"ಉದುರಿಸಿ ನೋಡೋಣ," ಎಂದಳು ನಿದಾಲ್.

ಖಲಫ್ ಮೊದಲು ಪಾನಾ ನೋಡಿದ, ಆಮೇಲೆ ಅವಳ ಕಣ್ಣು ನೋಡಿದ. ಪಾನಾಕ್ಕೆ ಅವನು ಹೆದರಲಿಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡ.

"ಅಕ್ಕಾ, ಗಂಡಸು ಅನ್ಕೊಂಡು ಬೈದೆ."

"ಗಂಡಸಾಗಿದ್ರೆ ಬೈಸ್ಕೋಬೇಕಿತ್ತಾ? ನಾನು ಎಡಕ್ಕೇ ತಿರುಗಿಸಿದ್ದು. ಈ ಮುಂಡೇದು ಬಲಕ್ಕೆ ಬಂತು."

ಅವನು ಹಾಲಿನ ಕೆಸರಿನಲ್ಲೇ ಬೆನ್ನು ಕೊಟ್ಟು ಗಾಡಿಯ ಕೆಳಗೆ ತೂರಿದ. ಚಕ್ರ ಹಿಡಿದು ಅಲ್ಲಾಡಿಸಿದ. ಕೆಳಗಿನಿಂದ ಒಂದು ದೊಡ್ಡ ನಗು ಕೇಳಿಸಿತು.

"ಎರಡೂ ಕಡೆ ಚಕ್ರ ತಿರುಗಿಸೋ ಟೈ ರಾಡ್ ಎಂಡು ಸತ್ತು ವರ್ಷ ಆಗಿದೆ. ನಡುವಿನ ರಾಡು ಬಾಗಿದೆ. ಅದನ್ನ ಹೊತ್ತಿರೋ ಐಡ್ಲರ್ ಆರ್ಮು ಮುದುಕಿ ಹಲ್ಲಿನ ಥರ ಅಲ್ಲಾಡ್ತಿದೆ. ತಾಯೀ, ನೀವು ಸ್ಟೇರಿಂಗ್ ತಿರುಗಿಸ್ತಿರಲಿಲ್ಲ, ಸ್ಟೇರಿಂಗಿಗೆ ಅರ್ಜಿ ಹಾಕ್ತಿದ್ರಿ."

"ಇಷ್ಟು ದಿನ ಅರ್ಜಿ ಮಂಜೂರಾಗ್ತಿತ್ತು."

ಕೆಳಗಿನ ನಗು ನಿಂತಿತು. ಖಲಫ್ ತಲೆ ಹೊರಗೆ ಹಾಕಿ ಅವಳನ್ನೇ ನೋಡಿದ. ಅವನ ಮೀಸೆಯ ತುದಿಯಲ್ಲಿ ಹಾಲು ಅಂಟಿತ್ತು. ನಿದಾಲ್ ನಗಬಾರದೆಂದು ಬೇರೆ ಕಡೆ ನೋಡಿದಳು, ಆದರೆ ನಕ್ಕಳು.

ಜೌಗಿನ ಜೊಂಡಿನ ನಡುವೆ ನಿದಾಲ್‌ಳ ಮನೆ. ಅಪ್ಪ ಚಾಸಿಬ್‌ನ ಸೊಂಟವನ್ನು ಎಮ್ಮೆಯೊಂದು ತುಳಿದು ಮುರಿದ ಮೇಲೆ ಹಾಲು, ಕೆನೆಗಳನ್ನು ಚಿಬಾಯಿಶ್ ಪೇಟೆಗೆ ತರುವವರು ಯಾರೂ ಇರಲಿಲ್ಲ. ನಿದಾಲ್ ಸ್ಟೇರಿಂಗ್ ಹಿಡಿದಳು. ಜನ ಆಡಿಕೊಂಡರು. ಆಡುವವರ ಮನೆಗೂ ಅವಳದೇ ಕೆನೆ ಬೇಕಿತ್ತಾದ್ದರಿಂದ ಆಮೇಲೆ ಸುಮ್ಮನಾದರು.

ಸಾಮಾನು ನಾಸಿರಿಯಾದಿಂದ ಬರಬೇಕು, ಒಂದೇ ಸಲ ಎಲ್ಲ ಸಿಗದು. ಹಾಲಂತೂ ಒಂದು ದಿನವೂ ನಿಲ್ಲುವಂತಿಲ್ಲ. ಹೀಗಾಗಿ ಪ್ರತಿದಿನ ಹಾಲು ಇಳಿಸಿ ಬಂದು, ಬಂದಷ್ಟು ಸಾಮಾನು ಹಾಕಿಸಿಕೊಂಡು ಹೋಗುವುದೆಂದು ಮಾತಾಯಿತು.

"ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಉಸ್ತಾದ್," ಎಂದಳು ನಿದಾಲ್ ಹೊರಡುವಾಗ. "ನನ್ನ ಮೇಲೆ ತಡೆ ಇದೆ. ಫಾಲಿಹ್‌ದು."

ಪಕ್ಕದ ವೆಲ್ಡಿಂಗ್ ಅಂಗಡಿಯ ಮುದುಕ ಲಫ್ತಾ ಆ ಹೆಸರು ಕೇಳಿ ಕೆಲಸ ನಿಲ್ಲಿಸಿದ.

ಇಲ್ಲಿ ಹೆಣ್ಣಿನ ಮೇಲೆ ದೊಡ್ಡಪ್ಪನ ಮಗನಿಗೆ ಮೊದಲ ಹಕ್ಕು. ಅವನು ನಾಲ್ಕು ಜನರೆದುರು 'ತಡೆ' ಎಂದುಬಿಟ್ಟರೆ ಮುಗಿಯಿತು, ಬೇರೆ ಯಾವ ಗಂಡಸೂ ಆ ಮನೆಯ ಬಾಗಿಲಿಗೆ ಹೆಣ್ಣು ಕೇಳಲು ಬರುವಂತಿಲ್ಲ. ದೊಡ್ಡಪ್ಪನ ಮಗ ಫಾಲಿಹ್ ಐದು ವರ್ಷದ ಹಿಂದೆ ಹಾಗೆಂದಿದ್ದ. ಅವನಿಗೆ ಬಸ್ರಾದಲ್ಲಿ ಹೆಂಡತಿ ಇದ್ದಳು, ಮೂರು ಮಕ್ಕಳಿದ್ದವು. ತಾನೂ ತಿನ್ನ, ಪರರಿಗೂ ಬಿಡ. ಆದರೂ ಕೇಳಲು ಬಂದ ಶಾಲಾ ಮೇಷ್ಟ್ರ ಮೊಣಕಾಲಿಗೆ ಗುಂಡು ಬಿತ್ತು. ಆಮೇಲೆ ಬಂದ ಔಷಧಿ ಅಂಗಡಿಯವನು ಬಾಗಿಲಿಗೆ ಎರಡು ಗುಂಡು ಬಿದ್ದದ್ದೇ ಗಂಟುಮೂಟೆ ಕಟ್ಟಿ ಸಮಾವಾಕ್ಕೆ ಓಡಿದ. ಸರ್ಕಾರದ ಕಾನೂನಿನಲ್ಲಿ ಇದು ಅಪರಾಧವೇ. ಆದರೆ ಸರ್ಕಾರ ದೂರದಲ್ಲಿರುತ್ತದೆ, ಫಾಲಿಹ್ ಪಕ್ಕದ ಮನೆಯಲ್ಲಿರುತ್ತಾನೆ. ನಿದಾಲ್‌ಗೆ ಇಪ್ಪತ್ತೊಂಬತ್ತು ತುಂಬಿತ್ತು.

"ನಾನು ಸ್ಟೇರಿಂಗ್ ರಿಪೇರಿ ಮಾಡೋನು," ಎಂದ ಖಲಫ್. "ತಡೆ ಇರೋದು ಹೆಣ್ಣು ಕೇಳೋಕೆ ತಾನೆ? ಟೈ ರಾಡಿಗೂ ಇದೆಯಾ?"

"ಅವನು ವ್ಯತ್ಯಾಸ ನೋಡಲ್ಲ."

"ಸರಿ. ನಾಳೆ ಬೆಳಿಗ್ಗೆ ಬನ್ನಿ."

ಮೊದಲ ದಿನ ಐಡ್ಲರ್ ಆರ್ಮು. ಎರಡನೆಯ ದಿನ ನಡುವಿನ ರಾಡು. ಮೂರನೆಯ ದಿನ ಎಡಗಡೆಯ ಟೈ ರಾಡ್ ಎಂಡು. ಗ್ಯಾರೇಜಿನ ನೆಲದಲ್ಲಿ ಉದ್ದದ ಗುಂಡಿ. ಗಾಡಿ ಅದರ ಮೇಲೆ ನಿಲ್ಲುತ್ತಿತ್ತು, ಖಲಫ್ ಗುಂಡಿಯೊಳಗೆ ನಿಂತು ಕೆಲಸ ಮಾಡುತ್ತಿದ್ದ. ಮೇಲಿನಿಂದ ಕೇಳಿದ ಸಾಮಾನು ಕೊಡುವುದು ನಿದಾಲ್. ಅವಳಿಗೆ ಅವನ ಕೈ ಮಾತ್ರ ಕಾಣುತ್ತಿತ್ತು, ಗ್ರೀಸ್ ಮೆತ್ತಿದ, ಗೆಣ್ಣು ತರಚಿದ ಕೈ. ಅವನಿಗೆ ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಹಳೆಯ ಎಂಡನ್ನು ಬಿಚ್ಚುವಾಗ ಅದು ಎಷ್ಟು ಸುತ್ತು ತಿರುಗಿ ಹೊರಬಂತೆಂದು ಎಣಿಸಬೇಕು. ಹೊಸದನ್ನು ಅಷ್ಟೇ ಸುತ್ತು ಒಳಗೆ ತಿರುಗಿಸಬೇಕು. ತಪ್ಪಿದರೆ ಎರಡು ಚಕ್ರಗಳೂ ಮುನಿಸಿಕೊಂಡ ಗಂಡಹೆಂಡಿರಂತೆ ಒಂದೊಂದು ಕಡೆ ಮುಖ ಮಾಡುತ್ತವೆ.

"ಎಣಿಸಿ," ಎಂದ ಖಲಫ್ ಕೆಳಗಿನಿಂದ.

ಅವಳು ಎಣಿಸಿದಳು. "ಹದಿನಾಲ್ಕು."

"ಹದಿಮೂರೋ, ಹದಿನಾಲ್ಕೋ?"

"ಹದಿನಾಲ್ಕು."

"ನಂಗೆ ಅನುಮಾನ. ಮತ್ತೆ ಒಳಗೆ ಹಾಕ್ತೀನಿ. ಮೊದಲಿಂದ ಎಣಿಸಿ."

ಮತ್ತೆ ಎಣಿಸಿದಳು. ಮತ್ತೆ ಹದಿನಾಲ್ಕು. ಖಲಫ್‌ಗೆ ಮತ್ತೆ ಅನುಮಾನ. ಮೂರನೆಯ ಸಲ ಎಂಟಕ್ಕೆ ಬಂದಾಗ ನಿದಾಲ್ ನಿಲ್ಲಿಸಿದಳು.

"ಉಸ್ತಾದ್, ನಿಮಗೆ ಎಣಿಸೋಕೆ ಬರಲ್ವಾ, ಇಲ್ಲಾ ಬೇರೆ ಕೆಲಸ ಇಲ್ವಾ?"

"ಎಣಿಸೋಕೆ ಬರುತ್ತೆ. ನಾನು ಎಣಿಸಿದ್ರೆ ಚೆನ್ನಾಗಿರಲ್ಲ."

ಮೇಲಿನಿಂದ ಒಂದು ಪಾನಾ ಅವನ ಭುಜದ ಮೇಲೆ ಬಿತ್ತು. ಅವನು ಅಯ್ಯೋ ಎಂದು ಚೀರಿದ.

"ಜಾರಿ ಬಿತ್ತು," ಎಂದಳು ನಿದಾಲ್. ಅಬಾಯಾದ ಅಂಚಿನಲ್ಲಿ ಅವಳು ಬಾಯಿ ಮುಚ್ಚಿಕೊಂಡಿದ್ದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಸುಖವಾಗಿತ್ತು, ಸುಖವಾಗಿದೆಯೆಂದು ಭಯವೂ ಆಗಿತ್ತು.

ಮರುದಿನ ಬಂದಾಗ ಗ್ಯಾರೇಜಿನ ಕಬ್ಬಿಣದ ಬಾಗಿಲಲ್ಲಿ ಹನ್ನೊಂದು ತೂತುಗಳಿದ್ದವು. ಬೆಳಗಿನ ಅಜಾನ್ ಮುಗಿಯುತ್ತಿದ್ದಂತೆ ಯಾರೋ ಗುಂಡು ಹಾರಿಸಿ, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ಇವನು ಕುಲಕ್ಕೆ ಲೆಕ್ಕ ಕೊಡಬೇಕಾದವನು' ಎಂದು ಬರೆದು ಹೋಗಿದ್ದರು. ಒಂದು ಗುಂಡು ಲಫ್ತಾನ ಕೆಟಲಿಗೂ ಬಿದ್ದಿತ್ತು. ಮುದುಕ ಅದಕ್ಕೆ ವೆಲ್ಡಿಂಗ್ ಹಾಕುತ್ತ ಫಾಲಿಹ್‌ನ ಏಳು ತಲೆಮಾರನ್ನು ಜಾಲಾಡುತ್ತಿದ್ದ.

ಖಲಫ್ ಗುಂಡಿಯೊಳಗೆ ನಿಂತು ಬಲಗಡೆಯ ಹೊಸ ಎಂಡನ್ನು ಒರೆಸುತ್ತಿದ್ದ. ಅದೊಂದೇ ಬಾಕಿ ಇತ್ತು.

"ಇನ್ನು ಸಾಕು," ಎಂದಳು ನಿದಾಲ್. "ಉಳಿದಿದ್ದನ್ನ ಬೇರೆ ಕಡೆ ಹಾಕಿಸ್ತೀನಿ. ಮೇಷ್ಟ್ರ ಮೊಣಕಾಲು ನೋಡಿದೀರಾ?"

"ನೋಡಿದೀನಿ. ನಂಗೆ ಎರಡಿವೆ."

"ತಮಾಷೆ ಮಾಡ್ಬೇಡಿ!"

ಅವನು ಗುಂಡಿಯಿಂದ ಹತ್ತಿ ಬಂದು ಅವಳೆದುರು ನಿಂತ. ಇಷ್ಟು ಹತ್ತಿರ ಅವನು ಹಿಂದೆಂದೂ ನಿಂತಿರಲಿಲ್ಲ. ಅವನಿಂದ ಪೆಟ್ರೋಲು ಮತ್ತು ಸಾಬೂನಿನ ವಾಸನೆ ಬರುತ್ತಿತ್ತು. ಕೈಗಳನ್ನು ಬಟ್ಟೆಯಲ್ಲಿ ಒರೆಸಿದ, ಮತ್ತೆ ಒರೆಸಿದ.

"ನಿದಾಲ್, ನಿಂಗೆ ನಾನು ಬೇಕಾ ಹೇಳು. ಮಿಕ್ಕಿದ್ದು ಆಮೇಲೆ."

ಅಕ್ಕ, ನೀವು, ಎಲ್ಲ ಒಂದೇ ಏಟಿಗೆ ಹೋಗಿತ್ತು.

"ಬೇಕು ಅಂದ್ರೆ ಸಾಯ್ತೀಯ," ಎಂದಳು ಅವಳೂ.

"ಬೇಡ ಅಂದ್ರೂ ಸಾಯ್ತೀನಿ, ನಿಧಾನಕ್ಕೆ."

"ಸಿನಿಮಾ ಡೈಲಾಗ್ ಹೊಡೀಬೇಡ."

"ಹೂಂ ಅನ್ನು, ನಿಲ್ಲಿಸ್ತೀನಿ."

ನಿದಾಲ್ ಹೂಂ ಅಂದಳು. ಅವಳಿಗೇ ಕೇಳಿಸದಷ್ಟು ಸಣ್ಣಗೆ ಅಂದಳು, ಅವನಿಗೆ ಕೇಳಿಸಿತು. ಅವನ ಕಿವಿ ಕೆಂಪಾಯಿತು. ಇಷ್ಟು ದೊಡ್ಡ ಗಂಡಸಿನ ಕಿವಿ ಹೀಗೆ ಕೆಂಪಾಗುವುದನ್ನು ಅವಳು ಕಂಡಿರಲಿಲ್ಲ. ಇನ್ನು ಮುಂದೆ ದಿನವೂ ಕಾಣಬೇಕೆಂದು ಅವಳಿಗೆ ಆಸೆಯಾಯಿತು.

"ಗಾಡಿ ಮುಗಿಸಿಬಿಡ್ತೀನಿ," ಎಂದು ಅವನು ಗಾಡಿಯನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ ಕೆಳಗೆ ಇಳಿದ. "ಆಮೇಲೆ ಸಯ್ಯಿದ್ ಹಾಶಿಮ್ ಹತ್ರ ಹೋಗ್ತೀನಿ. ಹಿರಿಯರು, ಅವರೇ ದಾರಿ ಹೇಳಲಿ."

ಹಳೆಯದು ಹೊರಬಂತು, ಹೊಸ ಎಂಡು ಹದಿನಾಲ್ಕು ಸುತ್ತು ಒಳಗೆ ಹೋಯಿತು. ಅದರ ಗೂಟವನ್ನು ಚಕ್ರದ ತೋಳಿನ ತೂತಿಗೆ ಕೂರಿಸಿ ಸುತ್ತಿಗೆಯಿಂದ ಎರಡು ಬಡಿದ. ಇನ್ನು ಮೇಲಿನಿಂದ ನಟ್ಟು ಬಿಗಿದು, ಅದು ಬಿಚ್ಚಿಕೊಳ್ಳದಂತೆ ಪಿನ್ನು ಮಡಚಬೇಕು. ನಟ್ಟು ಇಲ್ಲದಿದ್ದರೂ ಗೂಟ ನೂರಿನ್ನೂರು ಹೆಜ್ಜೆ ಹಾಗೇ ನಿಂತಿರುತ್ತದೆ. ಗಾಡಿ ತಿರುವಿಗೆ ಬಂದಾಗ ಕಳಚುತ್ತದೆ.

"ನಟ್ಟು, ಪಿನ್ನು ಕೊಡು," ಎಂದ ಖಲಫ್.

ನಿದಾಲ್ ಎರಡನ್ನೂ ಡಬ್ಬಿಯಿಂದ ತೆಗೆದು ಕೈಯಲ್ಲಿ ಹಿಡಿದಳು. ಆಗಲೇ ಲಫ್ತಾನ ಅಂಗಡಿಯ ಸದ್ದು ನಿಂತಿತು.

ಫಾಲಿಹ್ ಬಾಗಿಲಲ್ಲಿದ್ದ. ಜೊತೆಗೆ ಇಬ್ಬರು ತಮ್ಮಂದಿರು, ಇಬ್ಬರ ಕೈಯಲ್ಲೂ ಬಂದೂಕು.

ಖಲಫ್ ಗುಂಡಿಯ ಅಂಚಿಗೆ ಕೈಯೂರಿ ಮೇಲೆ ಬರುತ್ತಿದ್ದಾಗಲೇ ಒಬ್ಬನ ಬಂದೂಕಿನ ಹಿಡಿ ಅವನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ನಿದಾಲ್‌ಗೆ ಕೇಳಿಸಿತು. ಅವನು ಬೀಳಲಿಲ್ಲ, ಅಂಚನ್ನು ಬಿಡಲಿಲ್ಲ. ಇನ್ನೊಬ್ಬ ಬೂಟುಗಾಲಿನಿಂದ ಅವನ ಬೆರಳುಗಳನ್ನು ತುಳಿದ, ಹಿಮ್ಮಡಿಯಿಂದ ಅರೆದ. ಖಲಫ್ ಗುಂಡಿಯೊಳಗೆ ಕುಸಿದ.

ನಿದಾಲ್ ಬಲಗೈಯಲ್ಲಿ ಪಾನಾ ಎತ್ತಿ ತುಳಿದವನ ಮಣಿಕಟ್ಟಿಗೆ ಬೀಸಿದಳು. ಮೂಳೆ ಮುರಿಯಿತು, ಬಂದೂಕು ಬಿತ್ತು, ಅವನು ಎಮ್ಮೆಕರುವಿನಂತೆ ಅರಚಿದ. ಮತ್ತೆ ಬೀಸುವಷ್ಟರಲ್ಲಿ ಫಾಲಿಹ್ ಅವಳ ಕೂದಲನ್ನು ಅಬಾಯಾದ ಸಮೇತ ಹಿಡಿದು ಹಣೆಯನ್ನು ಗಾಡಿಯ ಬಾಗಿಲಿಗೆ ಅಪ್ಪಳಿಸಿದ. ಒಂದು ಸಲ, ಎರಡು ಸಲ.

"ಮಾನ ಕಳೀತೀಯೇನೇ? ಹಾಲು ಮಾರ್ತೀನಿ ಅಂತ ಬಂದು ಇಲ್ಲಿ ಏನು ಮಾರ್ತಿದೀಯ?"

ಅವಳು ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಂಡು, ಅವಳನ್ನು ತಮ್ಮನ ಕಡೆ ದೂಡಿ, ಗುಂಡಿಯ ಅಂಚಿನಲ್ಲಿ ಬಗ್ಗಿದ.

"ಕೆಲಸ ಮುಗೀತೇನೋ?"

ಖಲಫ್ ತಲೆ ಎತ್ತಿ ನೋಡಿದ. ಬಾಯಿ ತುಂಬ ರಕ್ತ. ಏನೂ ಹೇಳಲಿಲ್ಲ.

"ಮುಗೀದಿದ್ರೂ ಅಷ್ಟೆ, ಇನ್ಮೇಲೆ ಈ ಊರಲ್ಲಿ ನಿಂಗೆ ಕೆಲಸ ಇಲ್ಲ. ಚಿಕ್ಕಪ್ಪನ ಗಾಡಿ, ಚಿಕ್ಕಪ್ಪನ ಮಗಳು. ಎರಡೂ ನಂದೇ."

ಕೀ ಗಾಡಿಯಲ್ಲೇ ಇತ್ತು. ಫಾಲಿಹ್ ಹತ್ತಿ ಕೂತು ಸ್ಟಾರ್ಟ್ ಮಾಡಿದ. ನಿದಾಲ್‌ಳ ಎಡ ಮುಷ್ಟಿಯಲ್ಲಿ ನಟ್ಟಿತ್ತು. ಹಣೆಯಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ಕಣ್ಣಿಂದ ಅವಳು ಆ ಬಲಗಡೆಯ ಚಕ್ರವನ್ನು ನೋಡಿದಳು. ಒಂದು ಮಾತು ಹೇಳಿದರೆ ಸಾಕು. ಅವಳು ಹೇಳಲಿಲ್ಲ.

"ಅವಳನ್ನೂ ಹತ್ತಿಸೋ," ಎಂದ ಫಾಲಿಹ್.

ತಮ್ಮ ಅವಳನ್ನು ಎತ್ತಿ ಆ ಕಡೆಯ ಸೀಟಿಗೆ ತಳ್ಳಿ ಬಾಗಿಲು ಬಡಿದ. ಗಾಡಿ ಗುಂಡಿಯ ಮೇಲಿನಿಂದ ಸರಿಯಿತು. ಆಗ ಕೆಳಗಿನಿಂದ ಖಲಫನ ಕೂಗು ಬಂತು, ಒಡೆದ ಬಾಯಿಯ ಕೂಗು.

"ನಿಲ್ಸೋ! ಟೈ ರಾಡಿಗೆ ನಟ್ಟು ಹಾಕಿಲ್ಲ! ಫಾಲಿಹ್, ನಟ್ಟಿಲ್ಲ ಕಣೋ! ಚಕ್ರ ಕಳಚ್ಕೊಳ್ಳುತ್ತೆ, ನಿಲ್ಸು!"

ಫಾಲಿಹ್ ನಕ್ಕ. "ಕೇಳ್ದ್ಯಾ? ಹುಡುಗಿ ಕೈ ತಪ್ಪಿದ್ಳು ಅಂತ ನಟ್ಟಿನ ಕಥೆ ಕಟ್ತಾನೆ. ಶತ್ರು ಸಾಯ್ತಾನೆ ಅಂದ್ರೆ ಕೂಗಿ ಹೇಳೋ ಗಂಡಸು ಎಲ್ಲಾದ್ರೂ ಇದಾನಾ?" ಆದರೂ ಕಾಲು ಸ್ವಲ್ಪ ಸಡಿಲಿಸಿ ಅವಳ ಕಡೆ ನೋಡಿದ. "ನಿಜವೇನೇ?"

ನಿದಾಲ್ ಮುಷ್ಟಿಯನ್ನು ಅಬಾಯಾದೊಳಗೆ ಸರಿಸಿದಳು. ತಾನೂ ಇದೇ ಗಾಡಿಯಲ್ಲಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಐದು ವರ್ಷ ನೆನಪಾಯಿತು, ಮೇಷ್ಟ್ರ ಮೊಣಕಾಲು ನೆನಪಾಯಿತು. ಇವನ ಮನೆಯಲ್ಲಿ ಬದುಕುವುದಕ್ಕಿಂತ ಇವನ ಜೊತೆ ಸಾಯುವುದು ಬೇಗ ಮುಗಿಯುತ್ತದೆ.

"ಸುಳ್ಳು ಹೇಳ್ತಾನೆ. ಬಿಗಿದಿದ್ದನ್ನ ನಾನೇ ನೋಡ್ದೆ," ಎಂದಳು. "ಹೊಡಿ ಗಾಡಿ."

ಓಣಿ ನೆಟ್ಟಗೆ ಇನ್ನೂರು ಹೆಜ್ಜೆ. ಆಮೇಲೆ ಕಾಲುವೆ, ಕಾಲುವೆಯ ಏರಿಗೆ ಎಡಕ್ಕೆ ತಿರುವು. ಫಾಲಿಹ್ ತನ್ನ ಗಂಡಸುತನ ತೋರಿಸಲು ವೇಗವಾಗಿಯೇ ತಿರುಗಿಸಿದ. ಕೆಳಗೆ ಟಕ್ ಎಂದಿತು. ಎಡ ಚಕ್ರ ಮಾತು ಕೇಳಿತು, ಬಲ ಚಕ್ರ ಕೇಳಲಿಲ್ಲ. ಗಾಡಿ ಅಡ್ಡ ಎಳೆದು, ಏರಿಯ ಕಲ್ಲುಗಳನ್ನು ಒಡೆದು, ಮೂತಿ ಮೊದಲಾಗಿ ಕಾಲುವೆಗೆ ಬಿತ್ತು.

ನೀರು ಸೊಂಟದವರೆಗಷ್ಟೇ ಇತ್ತು. ನಿದಾಲ್ ಕಿಟಕಿಯಿಂದ ಹೊರಬಿದ್ದು ಕೆಸರಿನಲ್ಲಿ ತೆವಳಿ ದಡಕ್ಕೆ ಬಂದಳು. ಫಾಲಿಹ್ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿ ಗೋಳಾಡುತ್ತಿದ್ದ. ಅವನ ಮುಖದಲ್ಲಿ ಗಾಜು ನೆಟ್ಟಿತ್ತು. ಲಫ್ತಾ ಮತ್ತು ಓಣಿಯ ಜನ ನೀರಿಗೆ ಇಳಿದು ಅವನನ್ನು ಎಳೆದರು.

ಖಲಫ್ ಓಡಿ ಬಂದ. ಫಾಲಿಹ್ ಕಡೆ ನೋಡಲೇ ಇಲ್ಲ. ಮುರಿದ ಬೆರಳುಗಳಿಂದ ಅವಳ ತಲೆ, ಭುಜ, ಮೊಣಕೈ ತಡವಿದ.

"ಎಲ್ಲಿ ಬಿತ್ತು ಏಟು? ಕೈ ಆಡ್ಸು. ಕಾಲು ಆಡ್ಸು. ನನ್ನ ನೋಡು, ನಿದಾಲ್, ನನ್ನ ನೋಡೇ!"

"ನೋಡ್ತಿದೀನಿ," ಎಂದಳು. ಅವನ ಎರಡು ಮುಂಹಲ್ಲುಗಳಿರಲಿಲ್ಲ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅಂದೇ ಮಧ್ಯಾಹ್ನ ಫಾಲಿಹ್‌ನ ಕಡೆಯವರು ಗ್ಯಾರೇಜಿಗೆ ಬೆಂಕಿ ಇಟ್ಟರು. ನಂದಿಸಲು ಹೋದವರ ಕಾಲ ಬಳಿ ಗುಂಡು ಹಾರಿಸಿದರು. ಮೆಕ್ಯಾನಿಕ್ಕು ಬೇಕೆಂದೇ ಸ್ಟೇರಿಂಗು ಕಳಚಿಟ್ಟು ತಮ್ಮ ಹುಡುಗನ ಕೊಲೆಗೆ ಸಂಚು ಮಾಡಿದ ಎಂಬುದು ಅವರ ದೂರು. ಸಯ್ಯಿದ್ ಹಾಶಿಮ್ ನಡುವೆ ಬಂದು ಮೂರು ದಿನ ಯಾರೂ ಬಂದೂಕು ಮುಟ್ಟಬಾರದೆಂದು ಕಟ್ಟುಮಾಡಿದರು. ಮೂರನೆಯ ದಿನ ಪಂಚಾಯ್ತಿ. ಸಂಚು ಹೌದೆಂದು ತೀರ್ಮಾನವಾದರೆ ಖಲಫ್ ಶಾಶ್ವತವಾಗಿ ಊರು ಬಿಡಬೇಕು, ವಾರದೊಳಗೆ ನಿದಾಲ್ ಫಾಲಿಹ್‌ನ ಮನೆ ಸೇರಬೇಕು.

ಜೊಂಡಿನಿಂದ ಕಟ್ಟಿದ ಉದ್ದನೆಯ ಅತಿಥಿಮನೆಯಲ್ಲಿ ಗಂಡಸರು ಎರಡು ಸಾಲಾಗಿ ಕೂತಿದ್ದರು. ಹೆಂಗಸರು ಹಿಂಬದಿಯ ಜೊಂಡಿನ ತಟ್ಟಿಯಾಚೆ. ನಿದಾಲ್ ತಟ್ಟಿಯ ಸಂದಿಗೆ ಕಣ್ಣಿಟ್ಟಿದ್ದಳು. ಖಲಫ್ ಒಂದು ತುದಿಯಲ್ಲಿ, ಊದಿದ ಬಾಯಿ, ಕಟ್ಟುಹಾಕಿದ ಕೈ. ಫಾಲಿಹ್ ಇನ್ನೊಂದು ತುದಿಯಲ್ಲಿ ದಿಂಬುಗಳಿಗೆ ಒರಗಿ, ಮೂರು ಪಕ್ಕೆಲುಬು ಮುರಿದು, ಉಸಿರಿಗೊಮ್ಮೆ ನರಳುತ್ತಿದ್ದ.

"ಖಲಫ್ ಮೊದಲೇ ಎಚ್ಚರಿಕೆ ಹೇಳಿದೆ ಅಂತಾನೆ. ನಿಜಾನಾ?" ಎಂದು ಸಯ್ಯಿದರು ಕೇಳಿದರು.

"ಇಲ್ಲ," ಎಂದ ಫಾಲಿಹ್.

ಸಯ್ಯಿದರು ವಾದ ಮಾಡಲಿಲ್ಲ. ಹುತಾತ್ಮ ಸಂತ ಅಬ್ಬಾಸರ ಧ್ವಜ ತರಿಸಿ ಅವನ ಮುಂದಿಟ್ಟರು. "ಇದರ ಮೇಲೆ ಕೈ ಇಟ್ಟು ಹೇಳು."

ದೇವರ ಮೇಲೆ ಆಣೆ ಇಟ್ಟು ಸುಳ್ಳು ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ದೇವರು ದಯಾಮಯ, ಕ್ಷಮಿಸುತ್ತಾನೆ. ಅಬ್ಬಾಸರು ಕ್ಷಮಿಸುವುದಿಲ್ಲ ಎಂದು ಜೌಗಿನ ಪ್ರತಿ ಮಗುವಿಗೂ ಗೊತ್ತು. ಫಾಲಿಹ್‌ನ ಕೈ ಅರ್ಧ ದಾರಿಯಲ್ಲಿ ನಿಂತಿತು. ಹಣೆ ಬೆವರಿತು.

"ಕೂಗಿದ," ಎಂದ ಕೊನೆಗೆ. "ನಟ್ಟಿಲ್ಲ ನಿಲ್ಸು ಅಂತ ಕೂಗಿದ. ನಾನು ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ರೆ ಕೂಗ್ತಿರಲಿಲ್ಲ, ಅದಕ್ಕೆ ನಂಬಲಿಲ್ಲ. ಆಮೇಲೆ... ಕೇಳಿದೆ..." ಎಂದವನು ತಲೆ ತಗ್ಗಿಸಿದ. ಮುಂದಿನದನ್ನು ಇಷ್ಟು ಗಂಡಸರೆದುರು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

"ಯಾರನ್ನ ಕೇಳಿದೆ?"

"ನನ್ನನ್ನ!" ಎಂದು ನಿದಾಲ್ ತಟ್ಟಿ ಸರಿಸಿ ಒಳಗೆ ಬಂದಳು.

ಗಂಡಸರು ಎದ್ದು ನಿಂತರು. ಯಾರೋ "ಹೊರಗೆ!" ಎಂದು ಗದರಿದರು. ಅವಳು ಎರಡು ಸಾಲುಗಳ ನಡುವೆ ಮುಂದೆ ಬಂದಳು.

"ನಿಜಾನಾ ಅಂತ ನನ್ನ ಕೇಳಿದ. ಸುಳ್ಳು, ಗಾಡಿ ಹೊಡಿ ಅಂದೆ. ನಟ್ಟು ನನ್ನ ಮುಷ್ಟೀಲೇ ಇತ್ತು. ಇವನು ಸಾಯ್ಲಿ ಅಂತಲೇ ಹೇಳ್ದೆ. ನಾನೂ ಸತ್ರೆ ಸಾಯ್ಲಿ ಅಂದ್ಕೊಂಡೆ. ಸಂಚು ಯಾರದ್ದಾದ್ರೂ ಇದ್ರೆ ಅದು ನಂದು, ಖಲಫ್‌ದಲ್ಲ."

ಅವಳ ಅಪ್ಪ ಚಾಸಿಬ್ ಕುಂಟುತ್ತ ಬಂದು ಊರುಗೋಲಿನಿಂದ ಅವಳ ಬೆನ್ನಿಗೆ ಬಾರಿಸಿದ. ಎರಡನೆಯ ಏಟಿಗೆ ಕೋಲು ಮುರಿಯಿತು. ಜಿಗಿದು ಬರುತ್ತಿದ್ದ ಖಲಫನನ್ನು ನಾಲ್ಕು ಜನ ಹಿಡಿದರು. ನಿದಾಲ್ ಕದಲಲಿಲ್ಲ.

"ಫಾಲಿಹ್," ಎಂದಳು. "ಈಗಲೂ ನಾನು ಬೇಕಾ? ಕರ್ಕೊಂಡು ಹೋಗು. ದಿನಾ ನಾನೇ ಅಡುಗೆ ಮಾಡ್ತೀನಿ."

ಫಾಲಿಹ್ ಅವಳನ್ನು ಬಹಳ ಹೊತ್ತು ನೋಡಿದ. ಐದು ವರ್ಷದಲ್ಲಿ ಅವನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು.

"ಈ ಹೆಂಗಸು ಬಡಿಸಿದ ಅನ್ನಕ್ಕೆ ಕೈ ಹಾಕೋಕೆ ನಂಗೇನು ಹುಚ್ಚಾ?" ಎಂದ. "ತಡೆ ಬಿಟ್ಟೆ. ಯಾವನು ಬೇಕಾದ್ರೂ ಕಟ್ಕೊಂಡು ಸಾಯ್ಲಿ."

ಸಯ್ಯಿದರು ಅವನಿಂದ ಅದನ್ನು ಮೂರು ಸಲ ಹೇಳಿಸಿ, ಮಾತು ತಪ್ಪದಂತೆ ಧ್ವಜದ ಬಟ್ಟೆಗೆ ಗಂಟು ಹಾಕಿದರು. ಸುಟ್ಟ ಗ್ಯಾರೇಜಿಗೂ ಮುರಿದ ಪಕ್ಕೆಲುಬಿಗೂ ಸರಿಗೆ ಸರಿಯೆಂದು ತೀರ್ಪಾಯಿತು. ಆಮೇಲೆ ಅವರು ಖಲಫನ ಹಣೆಗೆ ಮುತ್ತಿಟ್ಟರು. "ಶತ್ರುವಿನ ಜೀವಕ್ಕೂ ಕೂಗಿದೆಯಲ್ಲ ಮಗನೇ, ನಿನ್ನ ತಾಯಿ ಹೊಟ್ಟೆ ತಣ್ಣಗಿರಲಿ." ಎಲ್ಲರೂ ಹೌದು ಹೌದೆಂದರು. ಖಲಫ್ ನೆಲ ನೋಡುತ್ತ ಸುಮ್ಮನಿದ್ದ.

ಒಂದು ವಾರ ಕಳೆಯಿತು. ಖಲಫ್ ಬರಲಿಲ್ಲ.

ತಡೆ ಹೋಗಿತ್ತು, ಬಾಗಿಲು ತೆರೆದಿತ್ತು, ಬರುವವನೇ ಇಲ್ಲ. ಪೇಟೆಯಲ್ಲಿ ಅವನ ಹೆಸರು ಹೇಳಿದರೆ ಜನ ಎದೆ ಮುಟ್ಟಿಕೊಳ್ಳುತ್ತಿದ್ದರು. ಇವಳನ್ನು ಕಂಡರೆ ದಾರಿ ಬಿಡುತ್ತಿದ್ದರು, ಮರ್ಯಾದೆಯಿಂದಲ್ಲ. ನಿದಾಲ್‌ಗೆ ಅರ್ಥವಾಯಿತು. ಅವನು ಕೊಲ್ಲಲು ಬಂದವನಿಗೂ ಕೂಗಿ ಹೇಳಿದ. ಅವಳು ಮುಷ್ಟಿ ಬಿಗಿಹಿಡಿದು ಸುಳ್ಳು ಹೇಳಿದಳು. ಅಂಥ ಒಳ್ಳೆಯವನು ಇಂಥವಳ ಪಕ್ಕ ಹೇಗೆ ಮಲಗಿಯಾನು?

ಎಂಟನೆಯ ದಿನ ಸಂಜೆಗೆ ಮುಂಚೆ ಅವಳೇ ಹೋದಳು. ಬೇಡವೆನ್ನುವುದಾದರೆ ಅವನ ಬಾಯಿಂದಲೇ ಕೇಳಬೇಕು.

ಖಲಫ್ ಮಸಿ ಹಿಡಿದ ಗೋಡೆ ಕೆರೆಯುತ್ತಿದ್ದ. ಅವಳನ್ನು ಕಂಡು ಕೆರೆಯುವುದನ್ನು ನಿಲ್ಲಿಸಿದ. ಕಿವಿ ಕೆಂಪಾಯಿತು.

"ಯಾಕೆ ಬರಲಿಲ್ಲ?" ಎಂದಳು. "ಕೊಲೆಗಾತಿ ಬೇಡ ಅನ್ನಿಸ್ತಾ? ನೇರವಾಗಿ ಹೇಳು, ಹೋಗ್ತೀನಿ."

"ಅದಲ್ಲ."

"ಮತ್ತೇನು? ನೀನು ಒಳ್ಳೆಯವನು, ನಾನು ಕೆಟ್ಟವಳು. ಊರೇ ಹೇಳ್ತಿದೆ."

"ಊರಿಗೆ ಏನು ಮಣ್ಣು ಗೊತ್ತು?" ಎಂದು ಅವನು ಕೆರೆಯುವ ತಗಡನ್ನು ಎಸೆದ. "ಕೆಲಸ ಮುಗೀತಾ ಅಂತ ಫಾಲಿಹ್ ಕೇಳಿದ. ನಾನು ಸುಮ್ಮನಿದ್ದೆ. ಯಾಕೆ ಅಂತ ಗೊತ್ತಾ?"

"ಬಾಯಿ ತುಂಬ ರಕ್ತ ಇತ್ತು."

"ಉಗಿದು ಮಾತಾಡಬಹುದಿತ್ತು. ಎರಡು ಹಲ್ಲು ಹೋಗಿತ್ತು, ನಾಲಿಗೆ ಇರಲಿಲ್ವಾ? ಬೇಕು ಅಂತಲೇ ಸುಮ್ಮನಿದ್ದೆ. ಸ್ಟಾರ್ಟ್ ಮಾಡಿದ, ಆಗಲೂ ಸುಮ್ಮನಿದ್ದೆ. ಕಾಲುವೆ ತಿರುವು ತನಕ ಗೂಟ ನಿಲ್ಲುತ್ತೆ, ಅಲ್ಲಿ ಕಳಚುತ್ತೆ ಅಂತ ಮನಸ್ಸಲ್ಲೇ ಹೇಳ್ಕೊತಾ ಇದ್ದೆ. ನಿನ್ನ ಚಪ್ಪಲಿ ಗುಂಡಿ ಪಕ್ಕ ಕಾಣ್ತಿತ್ತು, ಸರಿ, ನೀನು ಇಲ್ಲೇ ಇದೀಯ ಅಂತ ಸಮಾಧಾನ ಇತ್ತು. ಆಮೇಲೆ ಚಪ್ಪಲಿ ಮೇಲೆ ಹೋಯ್ತು. ಬಾಗಿಲು ಬಡೀತು." ಅವನು ಮಸಿಗೈಯಿಂದ ಬಾಯಿ ಒರೆಸಿಕೊಂಡ. "ಆಗ ಕೂಗಿದೆ."

ನಿದಾಲ್ ಒಂದು ಹೆಜ್ಜೆ ಹತ್ತಿರ ಬಂದಳು.

"ಅವನಿಗಾಗಿ ಅಲ್ಲ. ನೀನು ಒಳಗಿದ್ದೆ, ಅದಕ್ಕೆ. ಸಯ್ಯಿದರು ಮುತ್ತಿಟ್ಟಾಗ ಹಣೆ ಸುಟ್ಟ ಹಾಗಾಯ್ತು. ನೀನು ಅಷ್ಟು ಜನರ ಮುಂದೆ ನಿಜ ಹೇಳ್ದೆ, ಏಟು ತಿಂದೆ. ನಾನು ಬಾಯಿ ಮುಚ್ಕೊಂಡು ಹೊಗಳಿಸ್ಕೊಂಡೆ. ಆ ಮುಖ ಇಟ್ಕೊಂಡು ನಿಮ್ಮನೆಗೆ ಹೆಂಗೆ ಬರ್ಲಿ?"

"ಅವನೊಬ್ಬನೇ ಹೋಗಿದ್ರೆ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಲಫ್ತಾಗೆ ಹೇಳಿ ಒಂದು ಚಹಾ ತರಿಸ್ಕೊಂಡಿರ್ತಿದ್ದೆ."

ಅವಳು ಅವನನ್ನೇ ನೋಡಿದಳು. ಹಲ್ಲಿಲ್ಲದ ಬಾಯಿ, ಸೊಟ್ಟಗೆ ಕೂಡುತ್ತಿದ್ದ ಬೆರಳು, ತಪ್ಪೊಪ್ಪಿಕೊಂಡು ನಿಂತ ಗಂಡಸು. ಇಡೀ ಊರಿನಲ್ಲಿ ತನ್ನನ್ನು ಕಂಡು ಹೆದರಬೇಕಿಲ್ಲದವನು ಇವನೊಬ್ಬನೇ. ವಾರದಿಂದ ಎದೆಯ ಮೇಲಿದ್ದ ಬಂಡೆ ಜರುಗಿತು. ಅವಳು ಮೊದಲು ಅತ್ತಳು, ಆಮೇಲೆ ಬೂದಿಯ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇದನ್ನ ಯಾರಿಗೂ ಹೇಳ್ಬೇಡ," ಎಂದಳು ಕಣ್ಣು ಒರೆಸುತ್ತ. "ನೀನು ಒಳ್ಳೆಯವನು ಅನ್ನೋ ಹೆಸರು ಇದ್ರೇನೇ ನಮ್ಮಪ್ಪ ಹೆಣ್ಣು ಕೊಡೋದು."

"ಹಾಗಾದ್ರೆ ನಾಳೆ ಹಿರಿಯರನ್ನ ಕರ್ಕೊಂಡು ಬರ್ಲಾ?"

ನಿದಾಲ್ ಎದ್ದು ಅಬಾಯಾದ ಬೂದಿ ಕೊಡವಿದಳು. ಹೊರಗೆ ಕಾಲುವೆಯ ಮೇಲೆ ಬಿಸಿಲು ಇನ್ನೂ ಇತ್ತು.

"ನಾಳೆ ಯಾಕೆ? ಹೊತ್ತು ಮುಳುಗೋಕೆ ಎರಡು ಗಂಟೆ ಇದೆ. ಮುಖ ತೊಳ್ಕೊಂಡು ಬಾ."